ಎಂಆರ್‌ಐ ರಿಪೋರ್ಟ್‌ನಲ್ಲಿ ಬರೆದಿರುವುದೆಲ್ಲ ನಿಮ್ಮ ಬೆನ್ನುನೋವಿಗೆ ಕಾರಣವೇ?

ಸೊಂಟ ನೋವು ತಿಂಗಳುಗಟ್ಟಲೆ ಬಿಡದೆ ಕಾಡಿದರೆ ಒಂದಲ್ಲ ಒಂದು ದಿನ ಸ್ಕ್ಯಾನ್ ಮಾತು ಬಂದೇ ಬರುತ್ತದೆ. ಎಷ್ಟೋ ಸಲ ಡಾಕ್ಟರನ್ನು ಮತ್ತೆ ನೋಡುವ ಮೊದಲೇ ರಿಪೋರ್ಟ್ ಕೈಗೆ ಸಿಗುತ್ತದೆ. ತೆರೆದು ಓದಿದರೆ ಡಿಸ್ಕ್ ಡೆಸಿಕೇಶನ್, ಡಿಫ್ಯೂಸ್ ಬಲ್ಜ್, ಥೀಕಲ್ ಸ್ಯಾಕ್ ಇಂಡೆಂಟೇಶನ್, ಫೆಸೆಟ್ ಆರ್ತ್ರೋಪತಿ. ಅರ್ಥ ಒಂದೂ ಆಗುವುದಿಲ್ಲ, ಎದೆ ಮಾತ್ರ ಧಸಕ್ಕೆನ್ನುತ್ತದೆ. ಆ ರಾತ್ರಿ ಮೊಬೈಲ್ ಹಿಡಿದು ಒಂದೊಂದೇ ಪದ ಹುಡುಕುತ್ತಾ ಕೂತರೆ ಬೆಳಗಾಗುವಷ್ಟರಲ್ಲಿ ನೋವೂ ಜಾಸ್ತಿಯಾದ ಹಾಗೆ ಅನಿಸುತ್ತದೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕ್ಯಾನ್‌ನಲ್ಲಿ ಕಾಣುವುದು ಬೆನ್ನುಮೂಳೆಯ ಆಕಾರ. ನೋವು ಅದರಲ್ಲಿ ಕಾಣುವುದಿಲ್ಲ. ಮನೆಯ ಫೋಟೊ ನೋಡಿ ಗೋಡೆ ಬಿರುಕು ಬಿಟ್ಟಿದೆ ಅಂತ ಹೇಳಬಹುದು, ಒಳಗೆ ಯಾರು ಯಾಕೆ ಅಳುತ್ತಿದ್ದಾರೆ ಅಂತ ಹೇಳೋಕಾಗಲ್ಲ. ರಿಪೋರ್ಟಿನ ಯಾವುದೇ ಸಾಲನ್ನು ನಿಮ್ಮ ನೋವು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಕಾಲಿನ ಬಲ ಹೇಗಿದೆ, ಡಾಕ್ಟರ್ ಪರೀಕ್ಷೆ ಮಾಡಿದಾಗ ಏನು ಸಿಕ್ಕಿತು ಅನ್ನುವುದರ ಜೊತೆ ಇಟ್ಟು ನೋಡಬೇಕು. ತಾಳೆಯಾದರೆ ಆ ಸಾಲಿಗೆ ಬೆಲೆ. ಆಗದಿದ್ದರೆ ಅದು ಬರೀ ನಿಮ್ಮ ಬೆನ್ನಿನ ವರ್ಣನೆ.

ನೋವೇ ಇಲ್ಲದವರ ಬೆನ್ನು

ಈ ಮಾತು ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ. 1994ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದು, ಬೆನ್ನುನೋವಿದ್ದ ಕೆಲವರ ಚಿತ್ರಗಳ ಜೊತೆ ಬೆರೆಸಿ, ಯಾವುದು ಯಾರದ್ದು ಎಂದು ಹೇಳದೆ ತಜ್ಞರಿಗೆ ಓದಲು ಕೊಟ್ಟಿದ್ದರು. ನೋವಿಲ್ಲದ ಆ 98 ಮಂದಿಯಲ್ಲಿ ಶೇ 52ರಷ್ಟು ಜನಕ್ಕೆ ಒಂದು ಕಡೆಯಾದರೂ ಡಿಸ್ಕ್ ಬಲ್ಜ್ ಇತ್ತು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ತುಸು ಹೊರಗೆ ಚಾಚಿತ್ತು. ಶೇ 27ರಷ್ಟು ಜನಕ್ಕೆ ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಪ್ರೊಟ್ರೂಶನ್ ಇತ್ತು. ಇವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು.

2015ರಲ್ಲಿ ಇಂಥ 33 ಅಧ್ಯಯನಗಳನ್ನು ಒಟ್ಟುಗೂಡಿಸಿ, ನೋವಿಲ್ಲದ 3,110 ಜನರ ಸ್ಕ್ಯಾನ್‌ಗಳ ಲೆಕ್ಕ ಹಾಕಿದರು. ಡಿಸ್ಕ್ ಡಿಜೆನರೇಶನ್, ಅಂದರೆ ಡಿಸ್ಕ್ ಸವೆದ ಗುರುತು, 20ರ ವಯಸ್ಸಿನವರಲ್ಲೇ ಶೇ 37ರಷ್ಟು ಜನರಿಗೆ ಇತ್ತು. 50ರ ವಯಸ್ಸಿನವರಲ್ಲಿ ಶೇ 80, 80ರ ವಯಸ್ಸಿನವರಲ್ಲಿ ಶೇ 96. ಡಿಸ್ಕ್ ಬಲ್ಜ್ ಇದೇ ವಯಸ್ಸುಗಳಲ್ಲಿ ಶೇ 30, ಶೇ 60, ಶೇ 84. ಅಂದಮೇಲೆ ಐವತ್ತು ದಾಟಿದವರ ರಿಪೋರ್ಟ್‌ನಲ್ಲಿ ಈ ಪದಗಳು ಇಲ್ಲದಿದ್ದರೇ ಅಪರೂಪ, ಅಲ್ವಾ?

ಹಾಗಂತ ಸ್ಕ್ಯಾನ್‌ನಲ್ಲಿ ಕಂಡದ್ದಕ್ಕೆಲ್ಲ ಅರ್ಥವೇ ಇಲ್ಲ ಅಂತ ತಳ್ಳಿಹಾಕುವುದೂ ಸರಿಯಲ್ಲ. ಐವತ್ತರೊಳಗಿನವರನ್ನು ಹೋಲಿಸಿದಾಗ, ಬೆನ್ನುನೋವಿರುವವರಲ್ಲಿ ಈ ಬದಲಾವಣೆಗಳು ನೋವಿಲ್ಲದವರಿಗಿಂತ ಜಾಸ್ತಿಯೇ ಕಾಣುತ್ತವೆ. ಸಂಬಂಧ ಇದೆ. ಆದರೆ ಒಬ್ಬ ವ್ಯಕ್ತಿಯ ಒಂದು ಸ್ಕ್ಯಾನ್ ಮುಂದಿಟ್ಟುಕೊಂಡು "ನೋವು ಬರುತ್ತಿರುವುದು ಇಲ್ಲಿಂದಲೇ" ಎಂದು ಬೆರಳಿಟ್ಟು ತೋರಿಸುವಷ್ಟು ಗಟ್ಟಿ ಸಂಬಂಧ ಅದಲ್ಲ.

ಒಂದು ರಿಪೋರ್ಟನ್ನು ಸಾಲು ಸಾಲಾಗಿ ಓದೋಣ

ಮೊದಲು ಚೂರು ಹಿನ್ನೆಲೆ. ಕುತ್ತಿಗೆಯಲ್ಲಿ 7 ಮೂಳೆ, ಎದೆಯ ಹಿಂದೆ 12, ಸೊಂಟದಲ್ಲಿ 5. ಸೊಂಟದ ಐದಕ್ಕೆ ಎಲ್1ರಿಂದ ಎಲ್5 ಎಂದು ಹೆಸರು. ಅದರ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ತ್ರಿಕಾಸ್ಥಿ, ಅದರ ಮೊದಲ ಭಾಗ ಎಸ್1. ಎರಡು ಮೂಳೆಗಳ ನಡುವಿನ ಮೆತ್ತೆ ಡಿಸ್ಕ್. ನಡುವೆ ನೀರಿನಂಶ ತುಂಬಿದ ಮೆದು ತಿರುಳು, ಸುತ್ತ ಗಟ್ಟಿ ನಾರಿನ ಪದರಗಳು. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಡಿಸ್ಕ್ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಬಗ್ಗಿದಾಗ, ಎದ್ದಾಗ ಜಾಗ ಬಿಟ್ಟು ಜಾರಿ ಹೋಗುವ ವಸ್ತು ಅದಲ್ಲ.

ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುತ್ತದೆ. ಡಿಸ್ಕ್ ಕಾಣುವುದಿಲ್ಲ, ಅದು ಇರುವ ಜಾಗ ಖಾಲಿಯಾಗಿ ಕಾಣುತ್ತದೆ. "ಗ್ಯಾಪ್ ಕಮ್ಮಿಯಾಗಿದೆ" ಎಂದು ಹೇಳುವುದು ಆ ಖಾಲಿ ಜಾಗ ನೋಡಿ. ಸಿಟಿ ಸ್ಕ್ಯಾನ್ ಮೂಳೆಯನ್ನು ಬಹಳ ಚೆನ್ನಾಗಿ ತೋರಿಸುತ್ತದೆ, ಆದರೆ ವಿಕಿರಣ ಎಕ್ಸ್‌ರೇಗಿಂತ ಜಾಸ್ತಿ. ಎಂಆರ್‌ಐ ಆಯಸ್ಕಾಂತದಿಂದ ಕೆಲಸ ಮಾಡುತ್ತದೆ, ಅದರಲ್ಲಿ ಎಕ್ಸ್‌ರೇ ವಿಕಿರಣ ಇಲ್ಲ. ಡಿಸ್ಕ್, ನರ, ಲಿಗಮೆಂಟ್ ಎಲ್ಲವೂ ಕಾಣುತ್ತವೆ. ಟಿ2 ಎಂಬ ಬಗೆಯ ಚಿತ್ರದಲ್ಲಿ ನೀರು ಬೆಳ್ಳಗೆ ಕಾಣುತ್ತದೆ. ಇದೊಂದು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಈಗ ಒಂದು ಮಾಮೂಲಿ ರಿಪೋರ್ಟಿನ ಸಾಲು: "ಎಲ್4-ಎಲ್5: ಡಿಸ್ಕ್ ಡೆಸಿಕೇಶನ್, ಡಿಫ್ಯೂಸ್ ಡಿಸ್ಕ್ ಬಲ್ಜ್, ಥೀಕಲ್ ಸ್ಯಾಕ್ ಮೇಲೆ ಇಂಡೆಂಟೇಶನ್, ಎರಡೂ ಕಡೆ ನ್ಯೂರಲ್ ಫೊರಾಮಿನಾ ಸ್ವಲ್ಪ ಕಿರಿದು, ಫೆಸೆಟ್ ಆರ್ತ್ರೋಪತಿ."

ಡೆಸಿಕೇಶನ್ ಅಂದರೆ ಡಿಸ್ಕಿನ ನೀರಿನಂಶ ಕಡಿಮೆಯಾಗಿದೆ. ನೀರು ಕಡಿಮೆಯಾದ ಡಿಸ್ಕ್ ಟಿ2 ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ವಯಸ್ಸಾದಂತೆ ಎಲ್ಲರಿಗೂ ಆಗುವುದೇ.

ಡಿಫ್ಯೂಸ್ ಬಲ್ಜ್ ಅಂದರೆ ಡಿಸ್ಕಿನ ಅಂಚು ಸುತ್ತಲೂ ಅಥವಾ ಬಹುಭಾಗ ತುಸು ಹೊರಗೆ ಚಾಚಿದೆ. ಇದನ್ನು ಹರ್ನಿಯೇಶನ್ ಎಂದು ಕರೆಯುವುದಿಲ್ಲ. ಸುತ್ತಳತೆಯ ಕಾಲುಭಾಗಕ್ಕಿಂತ ಕಡಿಮೆ ಜಾಗದಲ್ಲಿ, ಒಂದೇ ಕಡೆ ಉಬ್ಬಿ ಬಂದರೆ ಹರ್ನಿಯೇಶನ್. ಅದರಲ್ಲೂ ಬುಡ ಅಗಲವಾಗಿದ್ದರೆ ಪ್ರೊಟ್ರೂಶನ್, ಬುಡಕ್ಕಿಂತ ತುದಿ ಅಗಲವಾಗಿ ಹೊರಚೆಲ್ಲಿದ್ದರೆ ಎಕ್ಸ್‌ಟ್ರೂಶನ್, ತುಂಡಾಗಿ ಬೇರ್ಪಟ್ಟಿದ್ದರೆ ಸೀಕ್ವೆಸ್ಟ್ರೇಶನ್.

ಥೀಕಲ್ ಸ್ಯಾಕ್ ಇಂಡೆಂಟೇಶನ್ ಬಹಳ ಜನರನ್ನು ಹೆದರಿಸುವ ಪದ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬೆನ್ನುಹುರಿ ಸೊಂಟದ ತುದಿಯವರೆಗೂ ಇಳಿದಿರುವುದಿಲ್ಲ. ದೊಡ್ಡವರಲ್ಲಿ ಸಾಮಾನ್ಯವಾಗಿ ಎಲ್1-ಎಲ್2ರ ಆಸುಪಾಸಿನಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ದ್ರವ ತುಂಬಿದ ಒಂದು ಚೀಲ, ಅದರೊಳಗೆ ತೇಲುವ ನರಗಳ ಕಟ್ಟು. ಆ ಚೀಲವೇ ಥೀಕಲ್ ಸ್ಯಾಕ್. ಇಂಡೆಂಟೇಶನ್ ಅಂದರೆ ಉಬ್ಬಿದ ಡಿಸ್ಕ್ ಚೀಲದ ಮುಂಭಾಗವನ್ನು ಸ್ವಲ್ಪ ಒತ್ತಿದೆ. ಒಳಗೆ ನರಗಳಿಗೆ ಅತ್ತಿತ್ತ ಸರಿಯಲು ಜಾಗ ಇದ್ದರೆ ಈ ಒತ್ತಡದಿಂದ ಏನೂ ಆಗದಿರಬಹುದು. "ನರ ಒತ್ತಿದೆ" ಎಂಬುದಕ್ಕೆ ಇದು ಸಮ ಅಲ್ಲ. ನರಕ್ಕೆ ಬರೀ ತಾಗಿದೆಯೇ, ನರವನ್ನು ಪಕ್ಕಕ್ಕೆ ತಳ್ಳಿದೆಯೇ, ಅಥವಾ ಕಂಪ್ರೆಶನ್ ಎಂದು ಬರೆದು ಅದುಮಿದೆ ಎಂದಿದ್ದಾರೆಯೇ ಎಂದು ನೋಡಿ. ಜೊತೆಗೆ ಯಾವ ನರ, ಯಾವ ಕಡೆ ಎಂದು ಬರೆದಿದ್ದಾರೆಯೇ ನೋಡಿ. ರಿಪೋರ್ಟ್‌ನಲ್ಲಿ ನಿಜವಾಗಿ ಗಮನಿಸಬೇಕಾದ ಮಾಹಿತಿ ಇದೇ.

ಫೊರಾಮಿನಾ ಅಂದರೆ ನರ ಹೊರಗೆ ಬರುವ ಕಿಂಡಿಗಳು. "ಸ್ವಲ್ಪ ಕಿರಿದು" ಎಂದಿದ್ದರೆ ಬಹುತೇಕ ಸಂದರ್ಭಗಳಲ್ಲಿ ನರಕ್ಕೆ ಜಾಗ ಇದೆ ಎಂದೇ ಅರ್ಥ. ಫೆಸೆಟ್ ಎನ್ನುವುದು ಬೆನ್ನುಮೂಳೆಗಳ ಹಿಂಬದಿಯ ಸಣ್ಣ ಕೀಲು; ಆರ್ತ್ರೋಪತಿ ಅಂದರೆ ಆ ಕೀಲು ಸವೆದಿದೆ. ಮಂಡಿ ಸವೆಯುವ ಹಾಗೆ ಇದೂ ಸವೆಯುತ್ತದೆ.

ಇನ್ನು ಕೆಲವು ಪದಗಳನ್ನು ಬೇಗ ಮುಗಿಸುತ್ತೇನೆ. ಸ್ಪಾಂಡಿಲೋಸಿಸ್ ಎಂದರೆ ಈ ಸವೆತವೆಲ್ಲದಕ್ಕೂ ಸೇರಿಸಿ ಇಟ್ಟ ಹೆಸರು. ಆಸ್ಟಿಯೋಫೈಟ್ ಎಂದರೆ ಮೂಳೆಯ ಅಂಚಿನಲ್ಲಿ ಬೆಳೆದ ಸಣ್ಣ ಚಾಚು. ಹಿಮ್ಯಾಂಜಿಯೋಮಾ ಎಂಬ ಪದ ಕಂಡು ಗಡ್ಡೆ ಎಂದು ಗಾಬರಿಯಾಗುವವರಿದ್ದಾರೆ. ಮೂಳೆಯೊಳಗಿನ ಈ ರಕ್ತನಾಳಗಳ ಗುಂಪು ಬಹಳ ಜನರಲ್ಲಿ ಇರುತ್ತದೆ, ಹೆಚ್ಚಿನವು ಜೀವಮಾನ ಪೂರ್ತಿ ಏನೂ ತೊಂದರೆ ಕೊಡುವುದಿಲ್ಲ. ಲಾರ್ಡೋಸಿಸ್ ಕಡಿಮೆಯಾಗಿದೆ ಎಂದರೆ ಸೊಂಟದ ಸಹಜ ಬಾಗು ನೆಟ್ಟಗಾಗಿ ಕಂಡಿದೆ. ಹೆಚ್ಚಿನ ಎಂಆರ್‌ಐಗಳಲ್ಲಿ ನಿಮ್ಮನ್ನು ಅಂಗಾತ ಮಲಗಿಸಿ ಚಿತ್ರ ತೆಗೆಯುತ್ತಾರೆ, ಮಲಗಿದ ರೀತಿಯಿಂದಲೂ ಹಾಗೆ ಕಾಣಬಹುದು. ಲಿಸ್ಥೆಸಿಸ್ ಗ್ರೇಡ್ 1 ಎಂದರೆ ಒಂದು ಮೂಳೆ ಕೆಳಗಿನ ಮೂಳೆಯ ಮೇಲೆ ತುಸು ಮುಂದೆ ಸರಿದಿದೆ, ಆ ಸರಿತ ಶೇ 25ಕ್ಕಿಂತ ಕಡಿಮೆ. ಮೋಡಿಕ್ ಎಂದಿದ್ದರೆ ಡಿಸ್ಕಿಗೆ ಅಂಟಿದ ಮೂಳೆಯಲ್ಲಿ ಬದಲಾವಣೆ. ಮೂರು ಬಗೆಯಲ್ಲಿ ಮೊದಲನೆಯದು ಊತದ ಗುರುತು, ನೋವಿನ ಜೊತೆ ಅದಕ್ಕಿರುವ ನಂಟು ಉಳಿದೆರಡಕ್ಕಿಂತ ಹೆಚ್ಚು.

ತಾಳೆ ನೋಡುವುದು ಹೇಗೆ

ಸೊಂಟದ ಹರ್ನಿಯೇಶನ್‌ಗಳಲ್ಲಿ ಬಹುಪಾಲು ಕೆಳಗಿನ ಎರಡು ಡಿಸ್ಕ್‌ಗಳಲ್ಲೇ ಆಗುತ್ತವೆ: ಎಲ್4-ಎಲ್5 ಮತ್ತು ಎಲ್5-ಎಸ್1. ಎಲ್4-ಎಲ್5ರ ಡಿಸ್ಕ್ ಹಿಂದಕ್ಕೆ, ಪಕ್ಕಕ್ಕೆ ಉಬ್ಬಿದರೆ ಸಾಮಾನ್ಯವಾಗಿ ಸಿಕ್ಕಿಬೀಳುವುದು ಎಲ್5 ನರ. ಆ ನೋವಿಗೆ ಒಂದು ದಾರಿಯಿದೆ. ಪೃಷ್ಠದಿಂದ ಹೊರಟು ಮೊಣಕಾಲ ಕೆಳಗೆ ಹೊರಬದಿಯಲ್ಲಿ ಇಳಿದು, ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿನ ಕಡೆಗೆ ಬರುತ್ತದೆ. ಹೆಬ್ಬೆರಳನ್ನು ಮೇಲಕ್ಕೆತ್ತುವ ಬಲ ಕುಗ್ಗಬಹುದು, ಹಿಮ್ಮಡಿಯ ಮೇಲೆ ನಡೆಯುವುದು ಕಷ್ಟವಾಗಬಹುದು. ಎಲ್5-ಎಸ್1ರಲ್ಲಾದರೆ ಎಸ್1 ನರ. ಅದರ ನೋವು ಕಾಲಿನ ಹಿಂಬದಿಯಲ್ಲಿ ಮೀನಖಂಡದ ಮೂಲಕ ಪಾದದ ಹೊರ ಅಂಚಿಗೆ, ಕಿರುಬೆರಳಿಗೆ ಇಳಿಯುತ್ತದೆ. ಆ ಕಾಲಿನ ತುದಿಬೆರಳ ಮೇಲೆ ನಿಲ್ಲಲು ಆಗದಿರಬಹುದು.

ಡಾಕ್ಟರ್ ಹಿಮ್ಮಡಿಯ ಮೇಲೆ ನಡೆಸುವುದು, ತುದಿಗಾಲಲ್ಲಿ ನಿಲ್ಲಿಸುವುದು, ಮಲಗಿಸಿ ಕಾಲೆತ್ತುವುದು, ಸಣ್ಣ ಸುತ್ತಿಗೆಯಿಂದ ತಟ್ಟುವುದು ಇದಕ್ಕೇ. ಒಬ್ಬರಿಗೆ ಬಲಗಡೆ ಎಲ್5 ನರ ಅದುಮಿದೆ ಎಂದು ರಿಪೋರ್ಟ್ ಹೇಳುತ್ತದೆ, ನೋವು ಬಲಗಾಲಲ್ಲಿ ಹೆಬ್ಬೆರಳ ತನಕ ಇಳಿಯುತ್ತದೆ, ಹೆಬ್ಬೆರಳಿನ ಬಲವೂ ಕಡಿಮೆ. ಪೂರಾ ತಾಳೆಯಾಯಿತು. ಇನ್ನೊಬ್ಬರಿಗೆ ಅದೇ ರಿಪೋರ್ಟ್, ಆದರೆ ನೋವು ಎಡಗಾಲಲ್ಲಿ. ಅಥವಾ ಕಾಲಿಗೆ ಇಳಿಯುವುದೇ ಇಲ್ಲ, ಸೊಂಟದಲ್ಲಿ ಅಡ್ಡಡ್ಡಲಾಗಿ, ಕೂತಷ್ಟೂ ಹೆಚ್ಚಾಗುವ ನೋವು. ಚಿತ್ರ ಒಂದೇ, ಕಥೆ ಬೇರೆ. ಈ ಎರಡನೆಯವರಿಗೆ ಆ ಬಲಗಡೆಯ ಡಿಸ್ಕನ್ನು ಆಪರೇಷನ್ ಮಾಡಿ ತೆಗೆದರೆ ನೋವು ಹೋಗುತ್ತದೆ ಎಂದು ನಂಬಲು ಕಾರಣವೇ ಇಲ್ಲ.

ಕೆನಾಲ್ ಸ್ಟೆನೋಸಿಸ್‌ಗೂ, ಅಂದರೆ ನರಗಳ ಕಾಲುವೆ ಕಿರಿದಾಗುವುದಕ್ಕೂ, ತನ್ನದೇ ಗುರುತಿದೆ. ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರವಾಗಿ, ಜೋಮು ಹಿಡಿದು ನಿಲ್ಲಬೇಕಾಗುತ್ತದೆ. ಕೂತರೆ, ಮುಂದೆ ಬಗ್ಗಿದರೆ ಹಗುರವಾಗುತ್ತದೆ. ಈ ಲಕ್ಷಣ ಇದ್ದವರ ರಿಪೋರ್ಟ್‌ನಲ್ಲಿ "ಸಿವಿಯರ್ ಸ್ಟೆನೋಸಿಸ್" ಎಂದಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಓದುವವರು ಬದಲಾದರೆ ರಿಪೋರ್ಟೂ ಬದಲಾಗುತ್ತದೆ ಎನ್ನುವುದನ್ನೂ ತಿಳಿದಿರಬೇಕು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೊಂಟ ನೋವು ಮತ್ತು ಬಲಗಾಲಿನ ನೋವಿದ್ದ 63 ವರ್ಷದ ಒಬ್ಬ ಮಹಿಳೆಗೆ ಮೂರು ವಾರದೊಳಗೆ ಹತ್ತು ಬೇರೆ ಬೇರೆ ಕೇಂದ್ರಗಳಲ್ಲಿ ಎಂಆರ್‌ಐ ಮಾಡಿಸಿದರು. ಹತ್ತು ರಿಪೋರ್ಟ್ ಸೇರಿ 49 ಬೇರೆ ಬೇರೆ ದೋಷಗಳು ಬಂದವು. ಹತ್ತರಲ್ಲೂ ಇದ್ದ ದೋಷ ಒಂದೂ ಇರಲಿಲ್ಲ. ಬೆನ್ನು ಅದೇ, ಹೆಂಗಸು ಅವರೇ! ಒಂದು ರಿಪೋರ್ಟಿನ ಒಂದು ಪದವನ್ನು ತಲೆಯ ಮೇಲೆ ಹೊತ್ತುಕೊಂಡು ವರ್ಷಗಟ್ಟಲೆ ತಿರುಗುವವರನ್ನು ಕಂಡಾಗ ನನಗೆ ಈ ಅಧ್ಯಯನವೇ ನೆನಪಾಗುತ್ತದೆ, ಸಂಕಟವೂ ಆಗುತ್ತದೆ.

ಹೊರಚೆಲ್ಲಿದ ಡಿಸ್ಕ್ ಕರಗುತ್ತದೆ

ನೋವು ಬಹಳ ಇದ್ದು, ರಿಪೋರ್ಟ್‌ನಲ್ಲಿ ದೊಡ್ಡ ಎಕ್ಸ್‌ಟ್ರೂಶನ್ ಇದ್ದರೆ ಇನ್ನು ಆಪರೇಷನ್ ಬಿಟ್ಟು ದಾರಿಯಿಲ್ಲ ಅನಿಸುವುದು ಸಹಜ. ಆದರೆ ಡಿಸ್ಕಿನ ವಿಷಯದಲ್ಲಿ ಅಚ್ಚರಿಯ ಸಂಗತಿಯೊಂದಿದೆ. ಹೆಚ್ಚು ಹೊರಚೆಲ್ಲಿದ್ದೇ ಹೆಚ್ಚು ಕರಗುತ್ತದೆ. ಹೊರಬಂದ ತಿರುಳನ್ನು ದೇಹದ ರಕ್ಷಣಾ ಕೋಶಗಳು ಹೊರಗಿನ ವಸ್ತು ಎಂದು ಗುರುತಿಸಿ ತಿಂದುಹಾಕುತ್ತವೆ. ಆಪರೇಷನ್ ಇಲ್ಲದೆ ನೋಡಿಕೊಂಡವರ ಮೇಲಿನ ಅಧ್ಯಯನಗಳನ್ನು 2015ರಲ್ಲಿ ಕೂಡಿಸಿ ನೋಡಿದಾಗ, ತುಂಡಾಗಿ ಬೇರ್ಪಟ್ಟ ಸೀಕ್ವೆಸ್ಟ್ರೇಶನ್‌ಗಳಲ್ಲಿ ಶೇ 96, ಎಕ್ಸ್‌ಟ್ರೂಶನ್‌ಗಳಲ್ಲಿ ಶೇ 70, ಪ್ರೊಟ್ರೂಶನ್‌ಗಳಲ್ಲಿ ಶೇ 41ರಷ್ಟು ತಾವಾಗಿಯೇ ಕುಗ್ಗಿದ್ದವು. ಬರೀ ಬಲ್ಜ್‌ನಲ್ಲಿ ಶೇ 13 ಮಾತ್ರ. ಕುಗ್ಗಲು ತಿಂಗಳುಗಳೇ ಬೇಕು, ಆ ತಿಂಗಳುಗಳು ಸುಲಭವಲ್ಲ. ಆದರೂ ಕಾಲಿನ ಬಲ ಕಡಿಮೆಯಾಗುತ್ತಾ ಹೋಗದಿದ್ದರೆ, ಮುಂದೆ ಹೇಳುವ ಅಪಾಯದ ಲಕ್ಷಣಗಳು ಇಲ್ಲದಿದ್ದರೆ, ಕಾಯಲು ಅವಕಾಶ ಇದೆಯೇ ಎಂದು ಡಾಕ್ಟರನ್ನು ಧೈರ್ಯವಾಗಿ ಕೇಳಬಹುದು.

"ಸ್ಕ್ಯಾನ್ ನಾರ್ಮಲ್" ಎಂದಾಗ

ಕೆಲವರಿಗೆ ಕಷ್ಟ ಇದರ ತದ್ವಿರುದ್ಧ. ರಾತ್ರಿ ನಿದ್ದೆ ಇಲ್ಲ, ಅರ್ಧ ಗಂಟೆ ಕೂರೋಕಾಗಲ್ಲ, ರಿಪೋರ್ಟ್ ಮಾತ್ರ ನಾರ್ಮಲ್. ಮನೆಯವರ ಮುಖದಲ್ಲಿ "ಹಾಗಾದರೆ ನೋವೆಲ್ಲಿದೆ?" ಎಂಬ ಪ್ರಶ್ನೆ. ಇವರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ನೋವು ನಿಜ. ಸೊಂಟ ನೋವಿನಲ್ಲಿ ಸುಮಾರು ಶೇ 90ರಷ್ಟಕ್ಕೆ ಬೆರಳಿಟ್ಟು ತೋರಿಸುವಂಥ ಒಂದೇ ಕಾರಣ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟ ನೋವಿತ್ತು. ಅವರಲ್ಲಿ ಬಹುಪಾಲು ಈ ಗುಂಪಿನವರೇ.

ಮೂರು ತಿಂಗಳು ದಾಟಿದ ನೋವಿನಲ್ಲಿ ನರವ್ಯವಸ್ಥೆಯೇ ಬದಲಾಗಿರಬಹುದು. ಮೊದಲು ಏಟು ಬಿದ್ದಾಗ ಮಾತ್ರ ಎಚ್ಚರಿಸುತ್ತಿದ್ದ ನರಗಳು ಸಣ್ಣ ಚಲನೆಗೂ ಜೋರಾಗಿ ಸುದ್ದಿ ಕಳಿಸಲು ಶುರು ಮಾಡುತ್ತವೆ. ನಿದ್ದೆಗೆಟ್ಟರೆ, ಚಿಂತೆ ಹೆಚ್ಚಿದರೆ, ಬಗ್ಗಲು ಹೆದರಿ ಓಡಾಟ ನಿಲ್ಲಿಸಿದರೆ ಇದು ಇನ್ನೂ ಏರುತ್ತದೆ. ಇದಾವುದೂ ಮಾಮೂಲಿ ಎಂಆರ್‌ಐಯಲ್ಲಿ ಕಾಣುವುದಿಲ್ಲ.

ಹಾಗಾಗಿಯೇ ರಿಪೋರ್ಟಿನ ಭಯವನ್ನು ನಾನು ಇಷ್ಟು ದೊಡ್ಡ ವಿಷಯ ಮಾಡುತ್ತಿರುವುದು. 2021ರ ಒಂದು ಅಧ್ಯಯನದಲ್ಲಿ ಬಹುಕಾಲದ ಸೊಂಟ ನೋವಿದ್ದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರಿಪೋರ್ಟಿನ ದೋಷಗಳನ್ನೆಲ್ಲ ಹಾಗೆಯೇ ವಿವರಿಸಿದರು. ಇನ್ನೊಂದಕ್ಕೆ ಇವೆಲ್ಲ ವಯಸ್ಸಿನ ಮಾಮೂಲಿ ಬದಲಾವಣೆ, ಬೆನ್ನು ಚೆನ್ನಾಗಿದೆ ಎಂದರು. ಇಬ್ಬರಿಗೂ ಒಂದೇ ಬಗೆಯ ಚಿಕಿತ್ಸೆ. ಆರು ವಾರಗಳ ನಂತರ ಮೊದಲ ಗುಂಪಿನವರಿಗೆ ನೋವು ಇಳಿದದ್ದು ಕಡಿಮೆ, ತಮ್ಮ ಬೆನ್ನಿನ ಬಗ್ಗೆ ಭಯ ಜಾಸ್ತಿ. "ನಿಮ್ಮ ಬೆನ್ನು ಮುರಿದುಹೋಗಿದೆ" ಎಂದು ನಂಬಿದವರು ಕದಲಲು ಹೆದರುತ್ತಾರೆ, ಕದಲದ ಬೆನ್ನು ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ.

ತಡ ಮಾಡಬಾರದ ಲಕ್ಷಣಗಳು

ಇದನ್ನು ಓದಿ ಯಾರೂ ಈ ಲಕ್ಷಣಗಳನ್ನು ಕಡೆಗಣಿಸಬಾರದು. ಗುದದ್ವಾರದ ಸುತ್ತ, ಜನನಾಂಗದ ಬಳಿ, ಒಳತೊಡೆಯಲ್ಲಿ ಸ್ಪರ್ಶ ಗೊತ್ತಾಗದಂತೆ ಮರಗಟ್ಟುವುದು. ಮೂತ್ರ ಕಟ್ಟಿಕೊಳ್ಳುವುದು, ಬಂದದ್ದೇ ತಿಳಿಯದಿರುವುದು. ಮಲದ ಮೇಲೆ ಹಿಡಿತ ತಪ್ಪುವುದು. ಎರಡೂ ಕಾಲು ಬಲ ಕಳೆದುಕೊಳ್ಳುವುದು. ಇವುಗಳಲ್ಲಿ ಯಾವುದು ಹೊಸದಾಗಿ ಕಂಡರೂ ಅದೇ ದಿನ, ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸೆಗೆ ಹೋಗಬೇಕು. ನರಗಳ ಕಟ್ಟು ಪೂರ್ತಿ ಅದುಮಿದಾಗ ಹೀಗಾಗುತ್ತದೆ, ತಡವಾದರೆ ಹೋದ ಶಕ್ತಿ ಮರಳದೇ ಇರಬಹುದು. ಪಾದ ಎತ್ತಲಾಗದೆ ಎಳೆದು ನಡೆಯುವಂತಾದರೂ ಬೇಗ ತೋರಿಸಿ. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸ ಬೆನ್ನುನೋವು, ಜ್ವರದ ಜೊತೆ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಮೇಲೆ ಶುರುವಾದ ನೋವು, ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ನೋವು, ಇವುಗಳಿಗೂ ಬೇಗ ಪರೀಕ್ಷೆ ಬೇಕು. ಸ್ಕ್ಯಾನ್ ನಿಜಕ್ಕೂ ಜೀವ ಉಳಿಸುವುದು ಇಂಥಲ್ಲಿ.

ಡಾಕ್ಟರ ಮುಂದೆ ಕೂತಾಗ

"ರಿಪೋರ್ಟ್ ಹೇಗಿದೆ?" ಎಂದು ಕೇಳಿದರೆ ಸಿಗುವ ಉತ್ತರ ಚಿಕ್ಕದು. ಅದಕ್ಕಿಂತ "ಇದರಲ್ಲಿರುವ ಯಾವುದು ನನ್ನ ನೋವಿಗೆ ಹೊಂದುತ್ತದೆ, ಯಾವುದು ನನ್ನ ವಯಸ್ಸಿಗೆ ಸಹಜ?" ಎಂದು ಕೇಳಿ. "ಯಾವುದಾದರೂ ನರ ಅದುಮಿದೆಯೇ, ಯಾವ ಕಡೆ?" ಎಂದು ಕೇಳಿ. "ಈ ಸ್ಕ್ಯಾನ್ ನೋಡಿದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಯಿತು?" ಎಂದೂ ಕೇಳಿ. ಏನೂ ಬದಲಾಗಿಲ್ಲ ಎಂದರೆ ಅದೂ ಒಳ್ಳೆಯ ಸುದ್ದಿಯೇ. ಅಂದರೆ ನಡಿಗೆ, ವ್ಯಾಯಾಮ, ನಿದ್ದೆ ಸರಿಪಡಿಸಿಕೊಳ್ಳುವುದು ಇವುಗಳಿಗೆ ಅಡ್ಡಿಯಾಗುವಂಥದ್ದು ಚಿತ್ರದಲ್ಲಿ ಸಿಕ್ಕಿಲ್ಲ. ಹೋಗುವ ಮೊದಲು ನೋವು ಹರಿಯುವ ದಾರಿಯನ್ನು ಕಾಗದದ ಮೇಲೆ ಗೀಟು ಹಾಕಿ ತೋರಿಸುವಂತೆ ಮಾಡಿಕೊಂಡು ಹೋದರೆ ಮಾತು ಬೇಗ ಸಾಗುತ್ತದೆ. ರಿಪೋರ್ಟ್ ಹಾಳೆಯ ಜೊತೆ ಸಿಡಿ ಅಥವಾ ಫಿಲ್ಮನ್ನೂ ಒಯ್ಯಿರಿ. ಚಿತ್ರವನ್ನು ತಾವೇ ನೋಡಲು ಬಯಸುವ ಡಾಕ್ಟರುಗಳು ಬಹಳ.

ನೋವು ಮತ್ತೆ ಏರಿದ ಕೂಡಲೇ ಇನ್ನೊಂದು ಎಂಆರ್‌ಐ ಮಾಡಿಸಬೇಕೇ? 2013ರ ಒಂದು ಅಧ್ಯಯನದಲ್ಲಿ ಸಿಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು, ಇದ್ದವರಿಗೆ ಒಂದು ವರ್ಷದ ಬಳಿಕ ಮತ್ತೆ ಸ್ಕ್ಯಾನ್ ಮಾಡಿದರು. ಚೆನ್ನಾಗಿ ಗುಣವಾದವರಲ್ಲಿ ಶೇ 35ರಷ್ಟು ಜನರಿಗೆ ಹರ್ನಿಯೇಶನ್ ಇನ್ನೂ ಕಾಣುತ್ತಿತ್ತು, ಗುಣವಾಗದವರಲ್ಲಿ ಶೇ 33ರಷ್ಟು ಜನರಿಗೆ. ಎರಡು ಗುಂಪಿನ ಚಿತ್ರಗಳ ನಡುವೆ ವ್ಯತ್ಯಾಸ ಇರಲಿಲ್ಲ. ಆದ್ದರಿಂದ ಅದೇ ಜಾಗದಲ್ಲಿ, ಅದೇ ಬಗೆಯ ನೋವು ಏರಿಳಿದರೆ ಹೊಸ ಸ್ಕ್ಯಾನ್‌ನಿಂದ ಸಿಗುವುದು ಕಡಿಮೆ. ಕಾಲಿನ ಬಲ ಕುಗ್ಗಿದರೆ, ನೋವಿನ ದಾರಿಯೇ ಬದಲಾದರೆ, ಅಪಾಯದ ಲಕ್ಷಣ ಕಂಡರೆ, ಅಥವಾ ಆಪರೇಷನ್ ಇಲ್ಲವೇ ಇಂಜೆಕ್ಷನ್ ನಿರ್ಧಾರವಾಗಿ ಹಳೆಯ ಚಿತ್ರ ತುಂಬಾ ಹಿಂದಿನದಾಗಿದ್ದರೆ ಮತ್ತೆ ಮಾಡಿಸಬೇಕಾಗುತ್ತದೆ. ಆಗ ಹಳೆಯ ಸಿಡಿಯನ್ನು ಹೊಸ ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್‌ಗೆ ಕೊಟ್ಟು, ಎರಡನ್ನೂ ಹೋಲಿಸಿ ಬರೆಯಲು ಕೇಳಿಕೊಳ್ಳಿ.